ಫ್ರೈಡ್ ಚಿಕನ್: ಯಾರದು ಚೆನ್ನಾಗಿರುತ್ತೆ? ಪದೇ ಪದೇ ಕೇಳುವ ಪ್ರಶ್ನೆಗಳು

ಫ್ರೈಡ್ ಚಿಕನ್ ಇಷ್ಟಪಡುವ ನಾಲ್ಕು ಜನ ಒಂದು ಕಡೆ ಕೂತರೆ, ಮಾತು ಎಲ್ಲಿಂದಲೇ ಶುರುವಾಗಲಿ, ಕೊನೆಗೆ "ಯಾರದು ಚೆನ್ನಾಗಿರುತ್ತೆ" ಅನ್ನುವಲ್ಲಿಗೇ ಬಂದು ನಿಲ್ಲುತ್ತದೆ. ನಾನು ಹಲವು ವರ್ಷಗಳಿಂದ ಬೇರೆ ಬೇರೆ ಚೈನ್‌ಗಳ ಚಿಕನ್ ತಿಂದು, ಹೋಲಿಸಿ, ಒಂದು ನೋಟ್‌ಬುಕ್ಕಿನಲ್ಲಿ ಬರೆದಿಟ್ಟುಕೊಂಡು ಬಂದಿದ್ದೇನೆ. ಗೆಳೆಯರು, ನೆಂಟರು, ಜೊತೆಗೆ ಕೆಲಸ ಮಾಡುವವರು ಮತ್ತೆ ಮತ್ತೆ ಕೇಳಿದ ಪ್ರಶ್ನೆಗಳನ್ನು ಇಲ್ಲಿ ಒಟ್ಟಿಗೆ ಹಾಕಿದ್ದೇನೆ.

ಸುತ್ತಿ ಬಳಸಿ ಹೇಳಬೇಡಿ. ಯಾವ ಚೈನ್ ಬೆಸ್ಟ್?

ಗರಿಗರಿ ಹೊರಪದರ ಬೇಕು ಅಂದರೆ ನನ್ನ ಮೊದಲ ಆಯ್ಕೆ ಪೊಪೈಸ್. ಮಸಾಲೆಯ ಘಮ, ಒಳಗೆ ಮೆತ್ತನೆಯ ಮಾಂಸ ಬೇಕು ಅಂದರೆ ಕೆಎಫ್‌ಸಿಯ ಒರಿಜಿನಲ್ ರೆಸಿಪಿ. ಬೋನ್‌ಲೆಸ್ ಸ್ಯಾಂಡ್‌ವಿಚ್ ಅಂದರೆ ಚಿಕ್-ಫಿಲ್-ಎ. ಅನ್ನ, ಗ್ರೇವಿ ಜೊತೆ ಹೊಟ್ಟೆ ತುಂಬ ತಿನ್ನಬೇಕು ಅಂದರೆ ಜಾಲಿಬೀ.

ಆದರೆ ಈ ಪಟ್ಟಿಗಿಂತ ಮುಖ್ಯವಾದ ಒಂದು ಮಾತಿದೆ. ನಿಮ್ಮ ಪಟ್ಟಿಯಲ್ಲಿ ಮೂರನೇ ಜಾಗದಲ್ಲಿರುವ ಅಂಗಡಿಯ ಈಗಷ್ಟೇ ಎಣ್ಣೆಯಿಂದ ತೆಗೆದ ಪೀಸು, ಮೊದಲ ಜಾಗದಲ್ಲಿರುವ ಅಂಗಡಿಯ ನಲವತ್ತು ನಿಮಿಷ ಹಳೆಯ ಪೀಸನ್ನು ಪ್ರತಿ ಸಲವೂ ಸೋಲಿಸುತ್ತದೆ. ನನ್ನ ನೋಟ್‌ಬುಕ್ಕನ್ನು ಹಿಂದಿನಿಂದ ಮುಂದಕ್ಕೆ ಓದಿದಾಗ ಗೊತ್ತಾಗಿದ್ದು ಇದು. "ಇಲ್ಲಿ ಬಹಳ ಚೆನ್ನಾಗಿತ್ತು" ಅಂತ ಬರೆದ ಕಡೆಯೆಲ್ಲ ಪಕ್ಕದಲ್ಲಿ "ಬಿಸಿ, ಕೈ ಸುಟ್ಟಿತು" ಅಂತಲೂ ಬರೆದಿದೆ. ಬೋರ್ಡಿನ ಮೇಲಿನ ಹೆಸರಿಗಿಂತ ಪೀಸು ಯಾವುದು, ಎಣ್ಣೆಯಿಂದ ಬಂದು ಎಷ್ಟು ಹೊತ್ತಾಯಿತು ಅನ್ನುವುದೇ ಜಾಸ್ತಿ ಲೆಕ್ಕಕ್ಕೆ ಬರುತ್ತದೆ.

ಎಲ್ಲರೂ ಕೋಳಿಗೆ ಹಿಟ್ಟು ಹಚ್ಚಿ ಎಣ್ಣೆಗೆ ಬಿಡುವವರೇ ಅಲ್ವಾ? ಮತ್ತೆ ರುಚಿ ಇಷ್ಟು ಬೇರೆ ಯಾಕೆ?

ಮೂರು ಕಡೆ ದಾರಿ ಬೇರೆಯಾಗುತ್ತದೆ. ಕೋಳಿಯನ್ನು ಯಾವುದರಲ್ಲಿ ನೆನೆಸಿಟ್ಟರು, ಮೇಲೆ ಏನು ಹಚ್ಚಿದರು, ಯಾವ ಬಗೆಯ ಫ್ರೈಯರ್‌ನಲ್ಲಿ ಕರಿದರು.

ಮೊದಲು ನೆನೆಸುವುದು. ಉಪ್ಪುನೀರಿನಲ್ಲಿಟ್ಟ ಮಾಂಸ ಬೇಯುವಾಗ ತನ್ನ ರಸವನ್ನು ಜಾಸ್ತಿ ಬಿಟ್ಟುಕೊಡುವುದಿಲ್ಲ. ಮಜ್ಜಿಗೆಯಲ್ಲಿಟ್ಟರೆ ಅದರ ಹುಳಿ ಮಾಂಸವನ್ನು ಸ್ವಲ್ಪ ಮೆದು ಮಾಡುತ್ತದೆ, ಹಿಟ್ಟು ಅಂಟಲೂ ಸಹಾಯ ಮಾಡುತ್ತದೆ. ಪೊಪೈಸ್ ತನ್ನ ಕೋಳಿಯನ್ನು ಕನಿಷ್ಠ 12 ಗಂಟೆ ಮಸಾಲೆಯಲ್ಲಿ ನೆನೆಸುತ್ತೇವೆ ಎಂದು ಹೇಳಿಕೊಳ್ಳುತ್ತದೆ. ಮೂಳೆಯ ಪಕ್ಕದ ತುಣುಕು ಕೂಡ ಸಪ್ಪೆ ಅನ್ನಿಸದಿದ್ದರೆ ಅದಕ್ಕೆ ಕಾರಣ ಈ ಹೊತ್ತು. ಕೆಲವು ಅಂಗಡಿಗಳಲ್ಲಿ ಹೊರಗಿನ ಪದರ ಭರ್ಜರಿಯಾಗಿದ್ದು ಒಳಗೆ ಬರೀ ಬೇಯಿಸಿದ ಕೋಳಿಯ ಹಾಗಿರುತ್ತದೆ. ಅಲ್ಲಿ ರುಚಿಯೆಲ್ಲ ಹಿಟ್ಟಿನಲ್ಲೇ ನಿಂತಿರುತ್ತದೆ, ಮಾಂಸಕ್ಕೆ ಇಳಿದಿರುವುದಿಲ್ಲ.

ಎರಡನೆಯದು ಹಿಟ್ಟು. ಒಮ್ಮೆ ಒಣ ಹಿಟ್ಟಿನಲ್ಲಿ ಹೊರಳಿಸಿದರೆ ತೆಳು ಪದರ ಬರುತ್ತದೆ, ಚರ್ಮಕ್ಕೆ ಅಂಟಿಕೊಂಡಿರುತ್ತದೆ. ಹಸಿ ಹಿಟ್ಟಿನಲ್ಲಿ ಅದ್ದಿ ಮತ್ತೆ ಒಣ ಹಿಟ್ಟಿನಲ್ಲಿ ಹೊರಳಿಸಿದರೆ ಮೇಲೆ ಗುಬುಟು ಗುಬುಟಾಗಿ, ಚೂರು ಚೂರು ಎದ್ದು ನಿಂತ ಪದರ ಬರುತ್ತದೆ. ಆ ಚೂರುಗಳೇ ಕುರುಕುರು ಅನ್ನುವುದು.

ಮೂರನೆಯದು ಫ್ರೈಯರ್. ಜನ ಇದನ್ನು ಲೆಕ್ಕಕ್ಕೇ ತೆಗೆದುಕೊಳ್ಳುವುದಿಲ್ಲ, ಆದರೆ ದೊಡ್ಡ ವ್ಯತ್ಯಾಸ ಇರುವುದು ಇಲ್ಲೇ. ತೆರೆದ ಎಣ್ಣೆಯಲ್ಲಿ ಕರಿದಾಗ ಮಾಂಸದ ನೀರು ಆವಿಯಾಗಿ ಗುಳ್ಳೆ ಗುಳ್ಳೆಯಾಗಿ ಹೊರಗೆ ಹೋಗುತ್ತದೆ. ಪದರ ಒಣಗುತ್ತದೆ, ಗರಿಗರಿಯಾಗುತ್ತದೆ. ಪ್ರೆಷರ್ ಫ್ರೈಯರ್‌ನಲ್ಲಿ ಮುಚ್ಚಳ ಬಿಗಿದಿರುತ್ತದೆ. ಒಳಗಿನ ಒತ್ತಡಕ್ಕೆ ನೀರು 100 ಡಿಗ್ರಿಗೆ ಕುದಿಯುವುದಿಲ್ಲ, ಸುಮಾರು 120 ಡಿಗ್ರಿಯ ಹತ್ತಿರ ಹೋಗಬೇಕು. ಹಾಗಾಗಿ ನೀರು ಮಾಂಸದಲ್ಲೇ ಉಳಿಯುತ್ತದೆ, ಬೇಯುವ ಹೊತ್ತೂ ಕಡಿಮೆಯಾಗುತ್ತದೆ. ಮಾಂಸ ರಸಭರಿತ, ಪದರ ಮಾತ್ರ ಮೆತ್ತಗೆ. ಎರಡನ್ನೂ ಪೂರ್ತಿಯಾಗಿ ಒಟ್ಟಿಗೆ ಕೊಡುವ ಫ್ರೈಯರ್ ಇಲ್ಲ. ನಿಮಗೆ ಹಲ್ಲಿಗೆ ಸಿಗುವ ಸದ್ದು ಮುಖ್ಯವೋ, ಬಾಯಿಗೆ ಬರುವ ರಸ ಮುಖ್ಯವೋ ಅನ್ನುವುದು ಗೊತ್ತಾದರೆ ಅರ್ಧ ಜಗಳ ಅಲ್ಲೇ ಮುಗಿಯುತ್ತದೆ.

ಕೆಎಫ್‌ಸಿ ಒರಿಜಿನಲ್ ಮೆತ್ತಗಿರುತ್ತದೆ ಅಂತ ಎಲ್ಲರೂ ಬೈಯುತ್ತಾರೆ. ನಿಜವಾಗಿ ಅದು ತಪ್ಪಾ?

ತಪ್ಪಲ್ಲ, ಅದು ಇರಬೇಕಾದದ್ದೇ ಹಾಗೆ. ಕೆಎಫ್‌ಸಿ ಕಟ್ಟಿದ ಹಾರ್ಲಂಡ್ ಸ್ಯಾಂಡರ್ಸ್ 1930ರಲ್ಲಿ ಅಮೆರಿಕದ ಕೆಂಟಕಿ ರಾಜ್ಯದ ಕಾರ್ಬಿನ್ ಎಂಬ ಊರಿನ ಪೆಟ್ರೋಲ್ ಬಂಕಿನಲ್ಲಿ ದಾರಿಹೋಕರಿಗೆ ಊಟ ಹಾಕಲು ಶುರು ಮಾಡಿದವರು. ಬಾಣಲೆಯಲ್ಲಿ ಕೋಳಿ ಕರಿಯಲು ಅರ್ಧ ಗಂಟೆ ಬೇಕಿತ್ತು. ಅಷ್ಟು ಹೊತ್ತು ಕಾಯುವ ಗಿರಾಕಿ ಎಲ್ಲಿ ಸಿಗಬೇಕು? ಹಾಗಂತ ಮೊದಲೇ ಕರಿದಿಟ್ಟರೆ ತಣ್ಣಗಾಗುತ್ತದೆ. 1939ರಲ್ಲಿ ಅವರು ತರಕಾರಿ ಬೇಯಿಸಲೆಂದು ಬಂದಿದ್ದ ಪ್ರೆಷರ್ ಕುಕ್ಕರನ್ನು ಕೋಳಿ ಕರಿಯಲು ಬಳಸಿ ನೋಡಿದರು. ಅಲ್ಲಿಂದ ಮುಂದೆ ಅವರ ಚಿಕನ್ನಿನ ಗುಣವೇ ಅದಾಯಿತು: ಬೇಗ ಬೇಯುವುದು, ಒಳಗೆ ಒದ್ದೆ, ಹೊರಗೆ ಮೃದು. 1952ರಲ್ಲಿ ಯೂಟಾ ರಾಜ್ಯದ ಸಾಲ್ಟ್ ಲೇಕ್ ಸಿಟಿ ಬಳಿ ಪೀಟ್ ಹಾರ್ಮನ್ ಮೊದಲ ಫ್ರಾಂಚೈಸಿ ತೆಗೆದುಕೊಂಡರು.

ಗರಿಗರಿ ಬೇಕಾದವರು ಅದೇ ಅಂಗಡಿಯಲ್ಲಿ ಕ್ರಿಸ್ಪಿ ತೆಗೆದುಕೊಳ್ಳಬೇಕು. ಒರಿಜಿನಲ್ ತೆಗೆದುಕೊಂಡು "ಕ್ರಿಸ್ಪಿ ಇಲ್ಲ" ಅಂದರೆ ಆ ಪೀಸಿಗೆ ಅನ್ಯಾಯ. ಒರಿಜಿನಲ್‌ನ ಚರ್ಮವನ್ನು ಬೆರಳಿನಿಂದ ಮೆಲ್ಲಗೆ ಎತ್ತಿ ನೋಡಿ. ಹಿಟ್ಟು, ಮಸಾಲೆ, ಚರ್ಮ ಮೂರೂ ಒಂದೇ ಹಾಳೆಯಂತೆ ಎದ್ದು ಬರುತ್ತದೆ. ಅದರ ಒಳಮೈಯಲ್ಲಿ ಕಂದು ಬಣ್ಣದ ಮಸಾಲೆ ನೀರು ಮಿನುಗುತ್ತಿರುತ್ತದೆ. ಆ ಹಾಳೆಯನ್ನು ಮಡಚಿ ಒಂದೇ ತುತ್ತಿಗೆ ಬಾಯಿಗೆ ಹಾಕಿಕೊಳ್ಳುವುದು ನನಗೆ ಇಡೀ ಪೀಸಿನಲ್ಲೇ ಅತಿ ಇಷ್ಟವಾದ ಭಾಗ.

ಕೆಎಫ್‌ಸಿ ಒರಿಜಿನಲ್‌ನಲ್ಲಿ 11 ಬಗೆಯ ಮಸಾಲೆ ಇದೆ ಅನ್ನುತ್ತಾರಲ್ಲ, ಅವು ಯಾವುವು?

ಕಂಪನಿ ಹೇಳುವುದಿಲ್ಲ. ಪೂರ್ತಿ ಮಿಶ್ರಣ ಒಬ್ಬರ ಕೈಗೇ ಸಿಗದ ಹಾಗೆ ಬೇರೆ ಬೇರೆ ಕಡೆ ಭಾಗ ಭಾಗವಾಗಿ ತಯಾರಿಸುತ್ತಾರೆ. ನನ್ನ ಮೂಗಿಗೆ ಮುಂದಾಗಿ ಸಿಗುವುದು ಬಿಳಿ ಮೆಣಸಿನ ಘಾಟು. ನುಂಗಿದ ಮೇಲೆ ಗಂಟಲ ಹಿಂದೆ ಬೆಚ್ಚಗೆ ಉಳಿಯುವುದು ಅದೇ ಇರಬೇಕು.

ಖಾರ ಬೇಕು ಅಂದರೆ ಎಲ್ಲಿಗೆ ಹೋಗಬೇಕು?

ಯಾವ ಬಗೆಯ ಖಾರ ಅನ್ನುವುದನ್ನು ಮೊದಲು ಕೇಳಿಕೊಳ್ಳಿ. ಮಾಂಸದೊಳಗೇ ಇಳಿದ ಖಾರ ಒಂದು. ಮೇಲೆ ಬಳಿದ ಖಾರ ಇನ್ನೊಂದು. ಪಕ್ಕದಲ್ಲಿ ಕಚ್ಚಿಕೊಳ್ಳುವ ಖಾರ ಮತ್ತೊಂದು.

ಪೊಪೈಸ್‌ನದು ಮೊದಲ ಬಗೆ. ಅದನ್ನು ಕಟ್ಟಿದ ಆಲ್ ಕೋಪ್‌ಲ್ಯಾಂಡ್ 1972ರಲ್ಲಿ ಅಮೆರಿಕದ ಲೂಸಿಯಾನಾ ರಾಜ್ಯದ ನ್ಯೂ ಆರ್ಲಿಯನ್ಸ್ ಪಕ್ಕದ ಅರಾಬಿಯಲ್ಲಿ ಅಂಗಡಿ ತೆರೆದಾಗ ಖಾರವಿಲ್ಲದ ಚಿಕನ್ ಮಾರುತ್ತಿದ್ದರು. ವ್ಯಾಪಾರ ಕುದುರಲಿಲ್ಲ. ಆ ಸೀಮೆಯ ಜನರ ನಾಲಿಗೆಗೆ ತಕ್ಕಂತೆ ಖಾರ ಹಾಕಿ, ಹೆಸರು ಬದಲಿಸಿ ಮತ್ತೆ ತೆರೆದ ಮೇಲೆ ಜನ ಬರತೊಡಗಿದರು. ಈ ಕಥೆ ನನಗೆ ಬಹಳ ಹಿಡಿಸುತ್ತದೆ. ಗಿರಾಕಿಯ ನಾಲಿಗೆ ಒಂದು ಚೈನಿನ ಹಣೆಬರಹವನ್ನೇ ಬದಲಿಸಿತು ಅಲ್ವಾ.

ಎರಡನೇ ಬಗೆಗೆ ಹೆಸರಾದದ್ದು ಟೆನೆಸೀ ರಾಜ್ಯದ ನ್ಯಾಶ್‌ವಿಲ್ ಊರಿನ ಹಾಟ್ ಚಿಕನ್. ಕರಿದಾದ ಮೇಲೆ ಮೆಣಸಿನ ಪುಡಿ ಕಲಸಿದ ಬಿಸಿ ಎಣ್ಣೆಯನ್ನು ಮೇಲೆಲ್ಲ ಬಳಿಯುತ್ತಾರೆ. ಪ್ರಿನ್ಸ್ ಮನೆತನದ ಅಂಗಡಿ ಇದಕ್ಕೆ ಮೂಲ. ಬ್ರೆಡ್ಡಿನ ಮೇಲಿಟ್ಟು, ಉಪ್ಪಿನಲ್ಲಿ ಹಾಕಿದ ಸೌತೆಕಾಯಿ ಜೊತೆ ಕೊಡುತ್ತಾರೆ. ಆ ಬ್ರೆಡ್ ಕೆಂಪು ಎಣ್ಣೆ ಹೀರಿಕೊಂಡು ಕುಳಿತಿರುತ್ತದೆ. ಅದನ್ನು ಬಿಡಬೇಡಿ.

ಮೂರನೇ ಬಗೆ ಚರ್ಚಸ್‌ನದು. ಜಾರ್ಜ್ ಚರ್ಚ್ 1952ರಲ್ಲಿ ಟೆಕ್ಸಸ್‌ನ ಸ್ಯಾನ್ ಆಂಟೋನಿಯೋದಲ್ಲಿ ಶುರು ಮಾಡಿದ್ದು. ಬೇರೆ ಹಲವು ದೇಶಗಳಲ್ಲಿ ಇದೇ ಚೈನ್ ಟೆಕ್ಸಸ್ ಚಿಕನ್ ಅನ್ನುವ ಹೆಸರಿನಲ್ಲಿದೆ. ಅಲ್ಲಿ ಪಕ್ಕದಲ್ಲೊಂದು ಹಲಪೇನ್ಯೊ ಮೆಣಸಿನಕಾಯಿ ಕೊಡುವುದು ರೂಢಿ. ಚಿಕನ್ ಒಂದು ಕಡಿತ, ಮೆಣಸಿನಕಾಯಿ ಒಂದು ಕಡಿತ. ಖಾರ ಎಷ್ಟಿರಬೇಕು ಅನ್ನುವುದು ತಿನ್ನುವವರ ಕೈಯಲ್ಲೇ ಇರುತ್ತದೆ. ಮನೆಮಂದಿಯಲ್ಲಿ ಒಬ್ಬರಿಗೆ ಖಾರ ಆಗುತ್ತದೆ, ಒಬ್ಬರಿಗೆ ಆಗುವುದಿಲ್ಲ ಅಂದರೆ ನಾನು ಈ ದಾರಿಯನ್ನೇ ಹೇಳುತ್ತೇನೆ.

ಖಾರ ಜಾಸ್ತಿಯಾದರೆ ನೀರು ಕುಡಿಯಬೇಡಿ, ಹಾಲು ಕುಡಿಯಿರಿ. ಖಾರದ ಸತ್ವ ಕ್ಯಾಪ್ಸೈಸಿನ್ ನೀರಿನಲ್ಲಿ ಕರಗುವುದಿಲ್ಲ, ಹಾಲಿನ ಕೊಬ್ಬು ಮತ್ತು ಪ್ರೋಟೀನ್ ಅದನ್ನು ಹಿಡಿದುಕೊಂಡು ಹೋಗುತ್ತವೆ. ಖಾರ ಮತ್ತು ಬಿಸಿ ಎರಡನ್ನೂ ನಾಲಿಗೆ ಒಂದೇ ಬಗೆಯ ನರದ ತುದಿಯಲ್ಲಿ ಗುರುತಿಸುತ್ತದೆ. ಅದಕ್ಕೇ ಅದೇ ಪೀಸು ಬಿಸಿಯಾಗಿದ್ದಾಗ ಇನ್ನೂ ಖಾರ ಅನ್ನಿಸುತ್ತದೆ.

ಲೆಗ್ ಪೀಸಾ, ಬ್ರೆಸ್ಟ್ ಪೀಸಾ?

ಹೋಲಿಕೆ ಮಾಡುವಾಗ ಜನ ಎಡವುವುದು ಇಲ್ಲೇ. ಒಬ್ಬರು ಒಂದು ಅಂಗಡಿಯ ತೊಡೆ ತಿಂದಿರುತ್ತಾರೆ, ಇನ್ನೊಬ್ಬರು ಇನ್ನೊಂದರ ಎದೆ ತಿಂದಿರುತ್ತಾರೆ. ಆಮೇಲೆ ಚೈನುಗಳ ಬಗ್ಗೆ ವಾದ ಮಾಡುತ್ತಾರೆ.

ಎದೆಯ ಮಾಂಸದಲ್ಲಿ ಕೊಬ್ಬು ಕಡಿಮೆ. ಸ್ವಲ್ಪ ಜಾಸ್ತಿ ಬೆಂದರೂ ಒಣಗಿ ದಾರ ದಾರವಾಗುತ್ತದೆ. ತೊಡೆಯಲ್ಲಿ ಕೊಬ್ಬೂ ಇದೆ, ಬೆಂದಷ್ಟೂ ಕರಗಿ ಜಿಗುಟು ರಸವಾಗುವ ಅಂಟಿನ ಅಂಶವೂ ಇದೆ. ಕೋಳಿ ತಿನ್ನಲು ಸುರಕ್ಷಿತ ಆಗಬೇಕಾದರೆ ಒಳಗೆ 74 ಡಿಗ್ರಿ ಸೆಲ್ಸಿಯಸ್ ಮುಟ್ಟಬೇಕು. ಎದೆ ಅಲ್ಲಿಗೆ ನಿಂತರೆ ಚೆನ್ನ. ತೊಡೆ 80 ದಾಟಿದರೆ ಇನ್ನೂ ಚೆನ್ನ. ಜನಜಂಗುಳಿಯ ಅಡುಗೆಮನೆಯಲ್ಲಿ ಎರಡು ನಿಮಿಷ ಆಚೀಚೆ ಆಗೇ ಆಗುತ್ತದೆ, ಆ ತಪ್ಪನ್ನು ತೊಡೆ ತಡೆದುಕೊಳ್ಳುತ್ತದೆ. ಗೊತ್ತಿಲ್ಲದ ಅಂಗಡಿಯಲ್ಲಿ ಮೊದಲ ಸಲ ತಿನ್ನುವಾಗ ನಾನು ಯಾವಾಗಲೂ ತೊಡೆಯನ್ನೇ ಕೇಳುತ್ತೇನೆ. ಆದರೆ ಅಡುಗೆಯವರ ಕೈ ಎಂಥದ್ದು ಅಂತ ಪರೀಕ್ಷೆ ಮಾಡಬೇಕಾದರೆ ಎದೆ ಕೇಳಿ. ಎದೆಯ ಪೀಸನ್ನು ರಸಭರಿತವಾಗಿ ಕೊಟ್ಟವರು ಬೇರೆ ಯಾವ ಪೀಸನ್ನೂ ಕೆಡಿಸುವುದಿಲ್ಲ.

ಇನ್ನೊಂದು ಸಣ್ಣ ವಿಷಯ. ಹೆಚ್ಚು ಕಡೆ ಕೋಳಿಯನ್ನು ಎಂಟು ಪೀಸು ಮಾಡುತ್ತಾರೆ. ಕೆಎಫ್‌ಸಿ ಹಲವು ದೇಶಗಳಲ್ಲಿ ಒಂಬತ್ತು ಮಾಡುತ್ತದೆ, ಎದೆಯ ನಡುಭಾಗ ಬೇರೆಯೇ ಒಂದು ಪೀಸಾಗಿ ಬರುತ್ತದೆ. ಮೂಳೆ ಕಡಿಮೆ, ಮಾಂಸ ಜಾಸ್ತಿ. ಬ್ರೆಸ್ಟ್ ಇಷ್ಟಪಡುವವರು ಅದನ್ನು ಹುಡುಕಿ ತೆಗೆದುಕೊಳ್ಳುತ್ತಾರೆ.

ಮೂಳೆ ಹತ್ತಿರ ಕೆಂಪಗಿದ್ದರೆ ಬೆಂದಿಲ್ಲ ಅಂತಾನಾ?

ಹಾಗೇನಿಲ್ಲ. ಎಳೆಯ ಕೋಳಿಯ ಮೂಳೆಯೊಳಗಿನ ಬಣ್ಣ ಹೊರಗೆ ಇಳಿದು ಮಾಂಸ ಕೆಂಪಾಗಿ ಕಾಣಬಹುದು. ಮಾಂಸ ಹಸಿಹಸಿಯಾಗಿ ಜಾರುತ್ತಿದ್ದರೆ, ಮೂಳೆಯಿಂದ ಬಿಡದಿದ್ದರೆ ಮಾತ್ರ ತಿನ್ನದೆ ವಾಪಸ್ ಕೊಡಿ. ಸಂಕೋಚ ಬೇಡ.

ಸ್ಯಾಂಡ್‌ವಿಚ್ ವಿಷಯದಲ್ಲಿ ಚಿಕ್-ಫಿಲ್-ಎ ಮತ್ತು ಪೊಪೈಸ್ ನಡುವೆ ಯಾಕೆ ಅಷ್ಟು ಜಗಳ?

ಎರಡೂ ಒಂದೇ ಹೆಸರಿನ ಬೇರೆ ಬೇರೆ ತಿಂಡಿ. ಚಿಕ್-ಫಿಲ್-ಎ ಕಟ್ಟಿದ ಟ್ರೂಯೆಟ್ ಕ್ಯಾಥಿ 1946ರಲ್ಲಿ ಅಮೆರಿಕದ ಜಾರ್ಜಿಯಾ ರಾಜ್ಯದಲ್ಲಿ ಒಂದು ಸಣ್ಣ ಹೋಟೆಲಿನಿಂದ ಶುರು ಮಾಡಿದವರು. ಆ ಹೆಸರಿನ ಮೊದಲ ಅಂಗಡಿ ತೆರೆದದ್ದು 1967ರಲ್ಲಿ, ಅಟ್ಲಾಂಟಾದ ಒಂದು ಮಾಲ್‌ನಲ್ಲಿ. ಅವರದು ಪ್ರೆಷರ್‌ನಲ್ಲಿ ಕಡಲೆಕಾಯಿ ಎಣ್ಣೆ ಹಾಕಿ ಕರಿದ ಬೋನ್‌ಲೆಸ್ ಎದೆ, ಬೆಣ್ಣೆ ಸವರಿದ ಬನ್ನು, ಉಪ್ಪಿನಕಾಯಿ ಹಾಕಿದ ಸೌತೆಕಾಯಿಯ ಎರಡು ಬಿಲ್ಲೆ. ಅಷ್ಟೇ. ಸಾಸ್ ಬೇಕಾದರೆ ಬೇರೆ ಕೇಳಬೇಕು. ಭಾನುವಾರ ಬಾಗಿಲು ಹಾಕಿರುತ್ತದೆ.

ಪೊಪೈಸ್ 2019ರ ಆಗಸ್ಟ್‌ನಲ್ಲಿ ಅಮೆರಿಕದಾದ್ಯಂತ ತನ್ನ ಸ್ಯಾಂಡ್‌ವಿಚ್ ಇಳಿಸಿದಾಗ ಎರಡು ವಾರದಲ್ಲೇ ಸ್ಟಾಕ್ ಖಾಲಿಯಾಯಿತು. ಮತ್ತೆ ಸಿಕ್ಕಿದ್ದು ನವೆಂಬರ್‌ನಲ್ಲಿ. ಅದು ದಪ್ಪ, ಕುರುಕು, ಮೇಯೊನೀಸ್ ತುಂಬಿದ್ದು. ಒಂದು ತಿಂದರೆ ಊಟ ಆದ ಹಾಗೆ. ಮಧ್ಯಾಹ್ನ ಕೆಲಸದ ನಡುವೆ ತಿನ್ನಲು ನನಗೆ ಮೊದಲನೆಯದು, ಹಸಿದು ಕಂಗಾಲಾದಾಗ ಎರಡನೆಯದು.

ಕೊರಿಯನ್ ಫ್ರೈಡ್ ಚಿಕನ್ನನ್ನು ಇವುಗಳ ಜೊತೆ ಹೋಲಿಸಬಹುದಾ?

ಖಂಡಿತ ಹೋಲಿಸಿ, ಆದರೆ ಅದರ ಗುರಿಯೇ ಬೇರೆ ಅನ್ನುವುದು ಗೊತ್ತಿರಲಿ. ಪಿಷ್ಟದ ತೆಳು ಲೇಪ ಹಚ್ಚಿ ಎರಡು ಸಲ ಕರಿಯುತ್ತಾರೆ. ಮೊದಲ ಸಲ ಮಾಂಸ ಬೇಯುತ್ತದೆ. ಹೊರತೆಗೆದು ಸ್ವಲ್ಪ ಹೊತ್ತು ಬಿಟ್ಟಾಗ ಒಳಗಿನ ತೇವ ಮೇಲ್ಮೈಗೆ ಬರುತ್ತದೆ, ಎರಡನೇ ಸಲ ಕರಿದಾಗ ಅದೂ ಹಾರಿಹೋಗುತ್ತದೆ. ಉಳಿಯುವುದು ಗಾಜಿನಂಥ ತೆಳು ಪದರ. ಮೇಲೆ ಸಿಹಿ, ಖಾರ, ಬೆಳ್ಳುಳ್ಳಿಯ ಸಾಸ್ ಬಳಿದರೂ ಬೇಗ ಮೆತ್ತಗಾಗುವುದಿಲ್ಲ. ದಕ್ಷಿಣ ಕೊರಿಯಾದಲ್ಲಿ ಫ್ರೈಡ್ ಚಿಕನ್ ಚೈನುಗಳ ವ್ಯಾಪಾರ 1977ರಿಂದಲೇ ಇದೆ, ಮೊದಲ ಚೈನ್ ಲಿಮ್ಸ್ ಚಿಕನ್. ಕ್ಯೋಚಾನ್, ಬಿಬಿಕ್ಯೂ, ಬಾನ್‌ಚಾನ್ ಆಮೇಲೆ ಬಂದವು. ಪಾರ್ಸೆಲ್ ತರಬೇಕಾದ ದಿನ ನಾನು ಬೇರೆ ಯೋಚನೆಯೇ ಮಾಡದೆ ಈ ಬಗೆಯದನ್ನೇ ತರುತ್ತೇನೆ.

ಮನೆಗೆ ತರುವಷ್ಟರಲ್ಲಿ ಮೆತ್ತಗಾಗುತ್ತದೆ. ಏನು ಮಾಡಬೇಕು?

ಒಮ್ಮೆ ಮನೆಯವರ ಹುಟ್ಟುಹಬ್ಬಕ್ಕೆ ನನಗೆ ಬಹಳ ಇಷ್ಟವಾದ ಒಂದು ಅಂಗಡಿಯಿಂದ ದೊಡ್ಡ ಬಾಕ್ಸ್ ತಂದಿದ್ದೆ. ಬಿಗಿಯಾಗಿ ಮುಚ್ಚಿ, ಮೇಲೆ ಪ್ಲಾಸ್ಟಿಕ್ ಚೀಲದಲ್ಲಿ ಕಟ್ಟಿ ಕೊಟ್ಟಿದ್ದರು. ಮನೆಯಲ್ಲಿ ಮುಚ್ಚಳ ತೆಗೆದಾಗ ಅದರ ಒಳಬದಿಯಲ್ಲಿ ಸಾಲಾಗಿ ನೀರಿನ ಹನಿ. ನೋಡುತ್ತಿದ್ದ ಹಾಗೇ ಒಂದು ಹನಿ ಜಾರಿ ಮೇಲಿನ ಪೀಸಿನ ಮೇಲೆ ಬಿತ್ತು. ಅದು ಬಿದ್ದ ಜಾಗದಲ್ಲಿ ಹಿಟ್ಟು ನೆನೆದ ಬಿಸ್ಕತ್ತಿನ ಹಾಗೆ ಕುಸಿಯಿತು. ಎಷ್ಟು ಬೇಜಾರಾಯಿತು ಅಂದರೆ ಅವತ್ತಿನಿಂದ ನಾನು ಅಂಗಡಿಯ ಬಾಗಿಲಲ್ಲೇ ಬಾಕ್ಸ್ ತೆರೆದುಬಿಡುತ್ತೇನೆ.

ಬಿಸಿ ಚಿಕನ್ ಆವಿ ಬಿಡುತ್ತಲೇ ಇರುತ್ತದೆ. ಅದಕ್ಕೆ ಹೊರಗೆ ಹೋಗಲು ದಾರಿ ಬೇಕು. ಮುಚ್ಚಳ ಅರ್ಧ ತೆರೆದಿಡಿ, ಪ್ಲಾಸ್ಟಿಕ್ ಚೀಲ ಬೇಡ ಅನ್ನಿ, ಸಾಸ್ ಬೇರೆ ಕೊಡಿ ಅನ್ನಿ. ತಣ್ಣಗಾಗಿದ್ದರೆ ಓವನ್ ಅಥವಾ ಏರ್ ಫ್ರೈಯರ್‌ನಲ್ಲಿ 180 ಡಿಗ್ರಿಯ ಆಸುಪಾಸಿನಲ್ಲಿ ಕೆಲವು ನಿಮಿಷ ಬಿಸಿ ಮಾಡಿ, ಕೆಳಗೆ ಜಾಲರಿ ಇರಲಿ. ಮೈಕ್ರೋವೇವ್ ಬೇಡವೇ ಬೇಡ. ಅದು ಮಾಂಸದ ನೀರನ್ನು ಎಬ್ಬಿಸಿ ಪದರಕ್ಕೆ ತಳ್ಳುತ್ತದೆ.

ಒಂದೇ ಚೈನಿನ ಎರಡು ಅಂಗಡಿಯಲ್ಲಿ ರುಚಿ ಬೇರೆ ಬೇರೆ ಯಾಕೆ?

ಎಣ್ಣೆಯ ವಯಸ್ಸು. ಹೊಚ್ಚ ಹೊಸ ಎಣ್ಣೆಯಲ್ಲಿ ಚಿಕನ್ ಬಿಳಿಚಿಕೊಂಡಿರುತ್ತದೆ. ಸ್ವಲ್ಪ ಪಳಗಿದ ಎಣ್ಣೆ ಒಳ್ಳೆಯ ಹೊಂಬಣ್ಣ ಕೊಡುತ್ತದೆ. ತೀರಾ ಹಳೆಯದಾದರೆ ಕಪ್ಪು ಬಣ್ಣ, ಕಹಿ, ನಾಲಿಗೆಯ ಮೇಲೆ ಜಿಡ್ಡು. ಇನ್ನು ಗಿರಾಕಿ ಜಾಸ್ತಿ ಇರುವ ಕಡೆ ಚಿಕನ್ ಬಿಸಿ ಪೆಟ್ಟಿಗೆಯಲ್ಲಿ ಕಾಯುತ್ತಾ ಕೂರುವುದಿಲ್ಲ. ಹಾಗಾಗಿ ನಾನು ಊಟದ ಹೊತ್ತಿನ ರಶ್‌ನಲ್ಲೇ ಹೋಗುತ್ತೇನೆ, ಕ್ಯೂ ಇದ್ದರೂ ಸರಿ. ಖಾಲಿ ಇರುವ ಹೊತ್ತಿನಲ್ಲಿ ಹೋದರೆ "ಹೊಸದಾಗಿ ಕರಿದು ಕೊಡ್ತೀರಾ, ಕಾಯ್ತೀನಿ" ಅಂತ ಕೇಳಿ. ಹೆಚ್ಚಿನವರು ಒಪ್ಪುತ್ತಾರೆ.

ಸಾಸ್, ಗ್ರೇವಿ ಇವೆಲ್ಲ ಲೆಕ್ಕಕ್ಕೆ ಬರಬೇಕಾ?

ಕೆಲವು ಕಡೆ ಬರಲೇಬೇಕು. 1996ರಲ್ಲಿ ಲೂಸಿಯಾನಾದ ಬ್ಯಾಟನ್ ರೂಜ್‌ನಲ್ಲಿ ಶುರುವಾದ ರೈಸಿಂಗ್ ಕೇನ್ಸ್‌ನಲ್ಲಿ ಚಿಕನ್ ಫಿಂಗರ್ಸ್ ಬಿಟ್ಟರೆ ಬೇರೆ ಚಿಕನ್ ಇಲ್ಲ. ಆ ಚಿಕನ್ ತಾನಾಗಿ ಸಪ್ಪೆಯೇ. ಮೆಣಸಿನ ಘಾಟಿನ ಸಾಸ್‌ನಲ್ಲಿ ಅದ್ದಿದಾಗ ಅದು ಪೂರ್ತಿಯಾಗುತ್ತದೆ. ಫಿಲಿಪೀನ್ಸ್‌ನ ಜಾಲಿಬೀ 1980ರಿಂದ ಮಾರುತ್ತಿರುವ ಚಿಕನ್‌ಜಾಯ್ ಅನ್ನುವ ಫ್ರೈಡ್ ಚಿಕನ್ನಿಗೂ ಗ್ರೇವಿಗೂ ಅದೇ ನಂಟು. ಆದರೂ ಮೊದಲ ಕಡಿತ ಸಾಸ್ ಇಲ್ಲದೆ ಇರಲಿ.

ನನಗೆ ಇಷ್ಟವಾದದ್ದು ನನ್ನ ಗೆಳೆಯನಿಗೆ ಹಿಡಿಸುವುದೇ ಇಲ್ಲ. ಯಾರ ನಾಲಿಗೆ ಸರಿ?

ಇಬ್ಬರದೂ ಸರಿ, ಇದನ್ನು ನಾನು ಸುಮ್ನೆ ಸಮಾಧಾನಕ್ಕೆ ಹೇಳುತ್ತಿಲ್ಲ. ಕೆಲವು ಬಗೆಯ ಕಹಿಯನ್ನು ಕೆಲವರ ನಾಲಿಗೆ ಹುಟ್ಟಿನಿಂದಲೇ ಜಾಸ್ತಿ ಗುರುತಿಸುತ್ತದೆ. ಉಪ್ಪಿನ ಹದ ಅಭ್ಯಾಸದಿಂದ ಬರುತ್ತದೆ. ಕೆಲವು ವಾರ ಉಪ್ಪು ಕಡಿಮೆ ಮಾಡಿ ತಿಂದವರಿಗೆ ಮೊದಲು ಸರಿ ಅನ್ನಿಸಿದ ಚಿಕನ್ ಈಗ ಉಪ್ಪುಪ್ಪು ಅನ್ನಿಸುತ್ತದೆ. ರುಚಿ ಅಂತ ನಾವು ಕರೆಯುವುದರಲ್ಲಿ ದೊಡ್ಡ ಪಾಲು ಮೂಗಿನದು, ಸ್ವಲ್ಪ ಪಾಲು ಕಿವಿಯದು. 2004ರಲ್ಲಿ ಆಕ್ಸ್‌ಫರ್ಡ್‌ನ ಸಂಶೋಧಕರು ಆಲೂಗಡ್ಡೆ ಚಿಪ್ಸ್ ಕಡಿಯುವ ಸದ್ದನ್ನು ಹೆಡ್‌ಫೋನ್‌ನಲ್ಲಿ ಹೆಚ್ಚು ಮಾಡಿ ಕೇಳಿಸಿದಾಗ, ತಿಂದವರಿಗೆ ಅದೇ ಚಿಪ್ಸ್ ಇನ್ನೂ ಗರಿಗರಿ, ಇನ್ನೂ ತಾಜಾ ಅನ್ನಿಸಿತು. ಗಲಾಟೆಯ ಫುಡ್ ಕೋರ್ಟಿನಲ್ಲಿ ತಿಂದು ತೀರ್ಪು ಕೊಡುವ ಮುಂಚೆ ಇದನ್ನು ನೆನಪಿಡಿ.

ಇದರ ಮೇಲೆ ನೆನಪು ಬೇರೆ. ಚಿಕ್ಕವರಿದ್ದಾಗ ಮೊದಲ ಸಲ ಎಲ್ಲಿ ತಿಂದೆವೋ ಆ ಘಮ ಒಳಗೆ ಕೂತುಬಿಟ್ಟಿರುತ್ತದೆ. ಅದನ್ನು ಯಾವ ಹೋಲಿಕೆಯೂ ಅಲುಗಾಡಿಸುವುದಿಲ್ಲ, ಅಲುಗಾಡಿಸಬೇಕಾಗಿಯೂ ಇಲ್ಲ.

ಸರಿಯಾಗಿ ಹೋಲಿಸಬೇಕು ಅಂದರೆ ಹೇಗೆ?

ಒಂದೇ ಪೀಸು ತೆಗೆದುಕೊಳ್ಳಿ, ಎಲ್ಲ ಕಡೆಯಿಂದಲೂ ತೊಡೆ ಅಂದರೆ ತೊಡೆ. ಎಲ್ಲವೂ ಒಂದೇ ಹೊತ್ತಿಗೆ ಬರುವ ಹಾಗೆ ಇಬ್ಬರು ಮೂವರು ಹಂಚಿಕೊಂಡು ತನ್ನಿ. ಬಾಕ್ಸುಗಳನ್ನು ಒಳಗೇ ಬಿಟ್ಟು, ತಿನ್ನದವರೊಬ್ಬರು ಒಂದೇ ತರಹದ ತಟ್ಟೆಗಳಲ್ಲಿ ನಂಬರ್ ಹಾಕಿ ಇಡಲಿ. ಒಂದಾದ ಮೇಲೆ ಒಂದು ಸಣ್ಣ ಕಡಿತ, ನಡುವೆ ನೀರು. ಖಾರದ್ದು ಕೊನೆಗೆ. ನಾಲ್ಕಕ್ಕಿಂತ ಜಾಸ್ತಿ ಬೇಡ, ಅಷ್ಟರಲ್ಲಿ ಎಣ್ಣೆ ಮತ್ತು ಉಪ್ಪಿಗೆ ನಾಲಿಗೆ ಸೋತಿರುತ್ತದೆ. ಹದಿನೈದು ನಿಮಿಷ ಬಿಟ್ಟು ಉಳಿದದ್ದನ್ನು ಮತ್ತೊಮ್ಮೆ ತಿನ್ನಿ. ಬಿಸಿಯಲ್ಲಿ ಗೆದ್ದದ್ದು ಆರಿದ ಮೇಲೆ ಸೋಲುವುದನ್ನು ನಾನು ಬಹಳ ಸಲ ನೋಡಿದ್ದೇನೆ. ಆರಿದ ಮೇಲೆ ಉಪ್ಪಿನ ಹದ, ಎಣ್ಣೆಯ ಗುಣ ಎರಡೂ ಮುಚ್ಚಿಟ್ಟುಕೊಳ್ಳಲಾಗದೆ ಹೊರಗೆ ಬರುತ್ತವೆ.

ಎಂಎಸ್‌ಜಿ (ಅಜಿನೊಮೊಟೊ ಅನ್ನುವ ರುಚಿಪುಡಿ) ಹಾಕುತ್ತಾರಂತೆ, ಹೌದಾ?

ಹಲವು ಚೈನುಗಳು ಹಾಕುತ್ತವೆ. 1908ರಲ್ಲಿ ಜಪಾನಿನ ಕಿಕುನೇ ಇಕೆಡಾ ಕಡಲಕಳೆಯ ಸಾರಿನಲ್ಲಿ ಗುರುತಿಸಿದ ರುಚಿಯೇ ಇದು. ಟೊಮೆಟೊ, ಚೀಸ್‌ನಲ್ಲೂ ಸಹಜವಾಗಿ ಇರುವಂಥದ್ದು. ನನಗೆ ಅದರ ಬಗ್ಗೆ ತಕರಾರಿಲ್ಲ. ತಿಂದ ಮೇಲೆ ಬಾಯಾರಿಕೆ ಜಾಸ್ತಿಯಾದರೆ ಮೊದಲು ಅನುಮಾನಪಡಬೇಕಾದದ್ದು ಉಪ್ಪನ್ನು.

ಇಷ್ಟೆಲ್ಲ ತಿಂದ ಮೇಲೆ ನಿಮ್ಮ ಇಷ್ಟ ಬದಲಾಗಿದೆಯಾ?

ಬದಲಾಗಿದೆ. ಮೊದಲು ನನಗೆ ಪದರವೇ ಎಲ್ಲ. ಎದ್ದು ನಿಂತ ಚೂರುಗಳನ್ನೆಲ್ಲ ಮೊದಲು ಕಿತ್ತು ತಿಂದು, ಮಾಂಸವನ್ನು ಆಮೇಲೆ ನೋಡುತ್ತಿದ್ದೆ. ಈಗ ತೊಡೆಯ ಪೀಸನ್ನು ಕೈಯಲ್ಲಿ ಹಿಡಿದು ಮೂಳೆಯ ಉದ್ದಕ್ಕೆ ಸೀಳುತ್ತೇನೆ. ಆವಿ ಏಳಬೇಕು, ಮೂಳೆಯ ಪಕ್ಕದ ಆ ಗಾಢ ಬಣ್ಣದ ಮಾಂಸ ಸುಲಭವಾಗಿ ಬಿಟ್ಟು ಬರಬೇಕು, ಅದನ್ನು ಹಾಗೇ ಬಾಯಿಗೆ ಹಾಕಿಕೊಂಡಾಗ ಉಪ್ಪು ಅಲ್ಲಿಯವರೆಗೂ ಮುಟ್ಟಿರಬೇಕು. ಅಷ್ಟು ಸಿಕ್ಕರೆ ನೋಟ್‌ಬುಕ್ಕಿನಲ್ಲಿ ಒಂದು ಸ್ಟಾರ್ ಹಾಕುತ್ತೇನೆ. ಕಳೆದ ತಿಂಗಳು ಹಾಗೆ ಸ್ಟಾರ್ ಬಿದ್ದದ್ದು ಎರಡೇ ಸಲ, ಬೇರೆ ಬೇರೆ ಎರಡು ಚೈನಿಗೆ.